ವಿಭೂತಿ ಒರೆಸಿದ ಡಬ್ಬಿ

ಪಂಚಮಿ ಬಂತೆಂದರೆ ಬೆಟಗೇರಿಯ ನಮ್ಮ ಅಡುಗೆಮನೆಯಲ್ಲಿ ಆಯಿಯದೇ, ಅಂದರೆ ನಮ್ಮಜ್ಜಿಯದೇ ಸರ್ಕಾರ. ದೇವರಿಗೆ ಮೀಸಲಾದ ಉಂಡಿ ಡಬ್ಬಿಗೆ ವಿಭೂತಿ, ಮನೆಮಂದಿ ತಿನ್ನಬಹುದಾದ ಚಕ್ಕುಲಿಯಂಥದ್ದಕ್ಕೆ ಕುಂಕುಮ. ವಿಭೂತಿ ಹಚ್ಚಿದ್ದನ್ನು ಮುಟ್ಟುವ ಧೈರ್ಯ ನಮ್ಮಲ್ಲಿ ಬೆಕ್ಕಿಗೂ ಇಲ್ಲ.

ಈ ಸಲ ಹಬ್ಬಕ್ಕೆ ಎರಡು ದಿನ ಮೊದಲು ಮುಂಡರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಹುದ್ದೆಗೆ ನನ್ನ ಸಂದರ್ಶನವಿತ್ತು. ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಸವೆದವಳು ನಾನು. ಕಾಯಂ ನೌಕರಿಗೆ ಇದೊಂದೇ ದಾರಿ. ಹಿಂದಿನ ದಿನ ಒಲೆಯ ಮುಂದೆ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ.

“ಏನ ವಟವಟ ನೇತ್ರಾ? ನನಗೂ ತಿಳಿಯೂಹಂಗ ಹೇಳ,” ಎಂದಳು ಆಯಿ.

“ನೋಡ ಬೇ, ಜೀನ್ ಅಂದ್ರ ಈ ಡಬ್ಬಿ ಇದ್ದಂಗ. ಜೀನಿನ ಎಳಿ ಹಿಸ್ಟೋನ್ ಅನ್ನೂ ಪ್ರೋಟೀನ್ ಮಣಿಗೆ ಸುತ್ತಿಕೊಂಡಿರತೈತಿ. ಅದರ ಮ್ಯಾಲ ಮೀಥೈಲ್ ಅನ್ನೂ ಗುರುತು, ನಿನ್ನ ವಿಭೂತಿ ಹಂಗ. ಗುರುತಿದ್ರ ಜೀನ್ ಬಂದ್. ಅದನ್ನ ಒರಸಾಕ ಒಂದು ಕಿಣ್ವ ಐತಿ. ಒರಸಿತಂದ್ರ ಚಾಲೂ. ಒಳಗಿನ ಉಂಡಿ ಮಾತ್ರ ಅದ ಉಂಡಿ.”

“ದೇವರ ಗುರುತು ಒರಸೂದಂದ್ರ ಅದೆಂಥಾ ಹಾಳ ಕಿಣ್ವ ನಮ್ಮವ್ವಾ!”

ಬಾಗಿಲ ಹಿಂದೆ ದ್ಯಾಮಪ್ಪ ಕಾಕಾ ನಿಂತಿದ್ದ. ಶುಗರ್ ಮುನ್ನೂರು ದಾಟಿದೆ, ಆದರೂ ಉಂಡಿ ಎಂದರೆ ಪ್ರಾಣ. ಅವನಿಗೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿದ್ದೇ ಅಂದು.

ಮಧ್ಯಾಹ್ನ ಆಯಿ ಮಲಗಿದಾಗ ಒದ್ದೆ ವಸ್ತ್ರ ಹಿಡಿದು ಒಳಹೊಕ್ಕ. ಒಂದನ್ನೇ ಒರೆಸಿದರೆ ಸಿಕ್ಕಿಬೀಳುತ್ತೇನೆಂದು ಎಲ್ಲ ಡಬ್ಬಿಗಳನ್ನೂ ಒರೆಸಿದ. ಅಷ್ಟರಲ್ಲಿ ಆಯಿ ಕೆಮ್ಮಿದಳು. ಕಾಕಾ ಓಟ ಕಿತ್ತ. ಸಂಜೆ ಬಂದು ನೋಡಿದರೆ ಉಂಡಿ ಡಬ್ಬಿ ಖಾಲಿ. ವಿಭೂತಿ ಇಲ್ಲದ್ದನ್ನು ಕಂಡ ಕಾಂಚನಾ ಕಾಕಿ ಓಣಿಗೆಲ್ಲ ಹಂಚಿಬಿಟ್ಟಿದ್ದಳು. ಹೋಗಲಿ, ತನ್ನ ಪಾಲಿನ ಚಕ್ಕುಲಿಯಾದರೂ ತಿನ್ನೋಣವೆಂದರೆ ಆಯಿ ಬಿಡಲಿಲ್ಲ.

“ಕುಂಕುಮ ಇಲ್ಲ, ತಗಿಯಂಗಿಲ್ಲ.”

ಕಾಕಾ ತಪ್ಪೊಪ್ಪಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಪಾಠ ಬಿಟ್ಟು ಆಯಿಯ ಜೊತೆ ಮತ್ತೆ ಉಂಡಿ ಕಟ್ಟುತ್ತ ಕೂತೆ.

ಮರುದಿನ ಸಮಿತಿಯ ಹಿರಿಯರೊಬ್ಬರು ಕೇಳಿದರು: “ಮೀಥೈಲ್ ತಗದ್ರ ಜೀನ್ ಯಾವಾಗಲೂ ಚಾಲೂ ಆಗತೈತೇನವ್ವಾ?”

ಬಾಯಿಪಾಠವೆಲ್ಲ ಹಾರಿಹೋಯಿತು. ಕಣ್ಣ ಮುಂದೆ ಚಕ್ಕುಲಿ ಡಬ್ಬಿಯೊಂದೇ ನಿಂತಿತ್ತು.

“ಇಲ್ರಿ ಸರ್. ಕೆಲವು ಗುರುತು ವಿಭೂತಿ ಇದ್ದಂಗ, ಒರಸಿದ್ರ ಜೀನ್ ಚಾಲೂ. ಕೆಲವು ಕುಂಕುಮ ಇದ್ದಂಗ, ಒರಸಿದ್ರ ಬಂದ್. ಅದಕ್ಕ ಬ್ಯಾರೆ ಬ್ಯಾರೆ ಗುರುತಿಗೆ ಬ್ಯಾರೆ ಬ್ಯಾರೆ ಕಿಣ್ವ ಅದಾವ್ರಿ. ನಮ್ಮ ಕಾಕಾನಂಗ ಕಂಡಿದ್ದೆಲ್ಲ ಒರಸೂದಿಲ್ರಿ.”

ಯಾರ ಕಾಕಾ ಎಂದರು. ಎಲ್ಲ ಹೇಳಿದೆ. ಹಿರಿಯರು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪಂಚಮಿಯ ಮರುದಿನ ನೌಕರಿಯ ಸುದ್ದಿ ಫೋನಿನಲ್ಲಿ ಬಂತು. ನಾನು ಅತ್ತೇಬಿಟ್ಟೆ.

“ನನ್ನಿಂದನ ಆತು!” ಎಂದು ಕಾಕಾ ಮೀಸೆ ತಿರುವಿದ.

ಉಂಡಿ ಡಬ್ಬಿಗೆ ಮತ್ತೆ ವಿಭೂತಿ ಬಿದ್ದಿತ್ತು. ಈ ಸಲ ದೇವರಿಗಲ್ಲ, ಕಾಕಾನ ಶುಗರಿಗೆ. ಆಯಿ ಸೆರಗಿನಿಂದ ಅದನ್ನು ಒರೆಸಿ, ಒಂದು ಉಂಡಿ ಮುರಿದು ಅರ್ಧ ಅವನ ಕೈಗಿಟ್ಟಳು. ಅವನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಡಬ್ಬಿಗೆ ಮತ್ತೆ ವಿಭೂತಿ ಹಚ್ಚಿಯಾಗಿತ್ತು.

“ಇದ್ಯಾವ ಕಿಣ್ವ ನೇತ್ರಾ?”

“ಹಚ್ಚೂದು ಬ್ಯಾರೆ ಕಿಣ್ವ, ಕಾಕಾ. ಅದರ ಕೂಡ ಜಗಳಾಡಾಕ ಹೋಗಬ್ಯಾಡ.”