ರೈಟ್ ಹೇಳಿದವಳು

ಅದು ಗಿರೀಶನ ಗಾಡಿಯೇ, ಸೇತುವೆಯ ಮೇಲೆ ಅಷ್ಟು ನಿಧಾನ ಹೋಗುವ ಡ್ರೈವರು ಅವನೊಬ್ಬನೇ, ಭಟ್ಕಳ ಬಿಟ್ಟದ್ದು ನಾಲ್ಕಕ್ಕೆ, ಅಂದರೆ ಈಗ ಐದಾಯಿತು — ಕೈಗಡಿಯಾರ ಕಸಿದುಕೊಂಡರು, ಮೊಬೈಲು ಕಸಿದುಕೊಂಡರು, ಶರಾವತಿ ಸೇತುವೆಯ ಮೇಲಿನ ಬಸ್ಸುಗಳನ್ನು ಕಸಿದುಕೊಳ್ಳಲು ಮಾತ್ರ ಬೆಂಗಳೂರಿನ ಟೀವಿಯವರಿಗೆ ತೋಚಲಿಲ್ಲ ಎಂದು ಕುಸುಮಾ ಒಳಗೊಳಗೇ ನಕ್ಕಳು, ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಕೈಯಲ್ಲಿ ಸ್ಲೇಟಿತ್ತು, ಸ್ಲೇಟಿನ ಮೇಲೆ ಅವಳೇ ಬರೆದ ಸೋಮಿ ಎಂಬ ಹೆಸರಿತ್ತು, ಮತ್ತು ಅದನ್ನು ಅಳಿಸಿ ಮತ್ತೆ ಬರೆಯಬೇಕಂತೆ. ಸೌಂಡ್ ಹಾಳಾಯ್ತು, ಇನ್ನೊಂದು ಟೇಕ್, ಎಲ್ಲರೂ ಅದೇ ಹೆಸರು, ಅದೇ ಕಾರಣ, ಅದೇ ಎಮೋಷನ್ — ಡೈರೆಕ್ಟರು ಕೂಗುತ್ತಿದ್ದಾನೆ. ಅವಳು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಕಾಸರಕೋಡಿನ ಮೀನಿನ ಬೋಟೊಂದು ಗುಡುಗುಡು ಎಂದು ಹಾದು ಹೋಗಿತ್ತು, ಮೈಕಿನವನು ಕಿವಿಯಿಂದ ಹೆಡ್‌ಫೋನ್ ಕಿತ್ತು ತಲೆಯಾಡಿಸಿದ್ದ, ಆ ಬೋಟಿನವನಿಗೆ ಇಲ್ಲೊಬ್ಬಳ ಮಾನ ಹೋಗುತ್ತಿದೆ ಎಂದೇನು ಗೊತ್ತು, ಅವನಿಗೆ ಅವನ ಬಂಗುಡೆ. ಎಂಟು ಜನ ಒಂದು ದಡ, ಅದು ಕಾರ್ಯಕ್ರಮದ ಹೆಸರು, ಭಟ್ಕಳ ಹೊನ್ನಾವರ ಕುಮಟೆಯಿಂದ ಆರಿಸಿದ ಎಂಟು ಜನರನ್ನು ಮಾವಿನಕುರ್ವೆಯ ಆಚೆಗಿನ ಈ ಮರಳು ದಿಬ್ಬದ ಮೇಲೆ ತಂದು ಹಾಕಿ, ಸೊಂಟಕ್ಕೊಂದು ಮೈಕು ಕಟ್ಟಿ, ಹೊತ್ತಿಗೊಂದು ಗಂಜಿ ಕೊಟ್ಟು, ಬೆಳಕು ಹರಿಯುವ ಮೊದಲೇ ಸೈರನ್ ಊದಿ ಎಬ್ಬಿಸಿ, ಇಂದಿಗೆ ಹನ್ನೆರಡು ದಿನ. ಇಂದು ಮೊದಲ ಬಾರಿಗೆ ಒಬ್ಬರನ್ನು ಹೊರಗೆ ಹಾಕುವುದು, ಯಾರು ಹೋಗಬೇಕೋ ಅವರ ಹೆಸರನ್ನು ಒಬ್ಬೊಬ್ಬರೂ ಸ್ಲೇಟಿನಲ್ಲಿ ಬರೆದು ತೋರಿಸುವುದು. ಯಾರನ್ನು ಎಂದು ಮೂರು ದಿನದ ಹಿಂದೆಯೇ ಎಲ್ಲರಿಗೂ ಗೊತ್ತಾಗಿತ್ತು.

ಸ್ಲೇಟು ಒರೆಸುವ ಒದ್ದೆ ಬಟ್ಟೆ ಕೈಯಿಂದ ಕೈಗೆ ಬರುತ್ತಿದೆ, ಮೊದಲು ಗುರುದತ್ತ, ಕುಮಟೆಯಲ್ಲಿ ಜಿಮ್ ಇಟ್ಟವನು, ಟೀಮ್ ಎನ್ನುವಾಗಲೆಲ್ಲ ಎದೆ ಉಬ್ಬಿಸುವವನು, ಅವನ ಪಕ್ಕ ಧನ್ಯಾ, ಭಟ್ಕಳದ ಹುಡುಗಿ, ರೀಲ್ಸ್ ಮಾಡಿ ಹೆಸರಾದವಳು, ಕ್ಯಾಮರಾ ಯಾವ ಕಡೆಗಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವಳು, ಅವಳಾದ ಮೇಲೆ ಇನ್ನು ನಾಲ್ವರು, ಅವರಿಗೆ ಈಗ ಬೇರೆ ಬೇರೆ ಮುಖವೇ ಉಳಿದಿಲ್ಲ, ಗುರುದತ್ತ ನಕ್ಕರೆ ನಗುತ್ತಾರೆ, ಗುರುದತ್ತ ಕೋಆಪರೇಷನ್ ಇಲ್ಲ ಎಂದರೆ ಕೋಆಪರೇಷನ್ ಇಲ್ಲ ಎನ್ನುತ್ತಾರೆ, ಆಮೇಲೆ ಕುಸುಮಾ, ಸಾಲಿನ ತುದಿಗೆ ಸೋಮಿ. ನಗಾಡುವುದಕ್ಕೆ ಇವಳೇನು ದೊಡ್ಡ ಸಾಚಾ, ಇವಳೂ ಅಂದಿದ್ದಾಳೆ ಕೋಆಪರೇಷನ್ ಇಲ್ಲ ಎಂದು, ಹನ್ನೊಂದು ವರ್ಷ ಕಂಡಕ್ಟರ್ ಕೆಲಸ ಮಾಡಿದ ಬಾಯಲ್ಲಿ ಆ ಮಾತು ಬರಲೇ ಇಲ್ಲ, ಇಲ್ಲಿ ಬಂತು, ಎಷ್ಟು ಸಲೀಸಾಗಿ ಬಂತು! ಬಸ್ಸಿನಲ್ಲಿ ಅವಳು ಯಾವತ್ತೂ ಒಬ್ಬಳೇ, ಎದುರಿಗೆ ಅರವತ್ತು ಜನ, ಸ್ವಲ್ಪ ಹಿಂದೆ ಸರೀರಿ ಎಂದರೆ ಸಾಕು, ಅದುವರೆಗೆ ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದಾಗುತ್ತಾರೆ, ಎಲ್ಲಿಗೆ ಸರಿಯೂದೇ ಮಾರಾಯ್ತಿ, ಸಮುದ್ರಕ್ಕನಾ, ಎಂದು ಯಾರೋ ಅಂದರೆ ಇಡೀ ಬಸ್ಸು ನಗುತ್ತದೆ, ಆ ನಗುವಿನ ಹೊರಗೆ ನಿಂತವಳು ಅವಳೊಬ್ಬಳೇ. ಭಟ್ಕಳ, ಶಿರಾಲಿ, ಮುರ್ಡೇಶ್ವರ, ಮಂಕಿ, ಕಾಸರಕೋಡ, ಹೊನ್ನಾವರ, ಕರ್ಕಿ, ಹಳದಿಪುರ, ಧಾರೇಶ್ವರ, ಕುಮಟಾ, ಎದೆ ಹೊಡೆದುಕೊಂಡಾಗ ಇದನ್ನೇ ಜಪ ಮಾಡುವುದು ಅವಳ ಅಭ್ಯಾಸ, ಈಗಲೂ ಮಾಡುತ್ತಿದ್ದಾಳೆ, ಹಳದಿಪುರ ಬಂದಾಗ ನಾಲಿಗೆ ತಡೆಯುತ್ತದೆ, ಏಕೆಂದರೆ ಹಳದಿಪುರದಲ್ಲಿ ಹತ್ತುವವಳು ಸೋಮಿ. ಇಲ್ಲಿ ಎರಡನೇ ದಿನ ಗುರುದತ್ತ ಹೆಗಲು ತಟ್ಟಿ, ಕುಸುಮಕ್ಕ ನಮ್ಮೋರು ಅಂದನಲ್ಲ, ಎಲ್ಲರೂ ಹೋ ಎಂದು ಕೂಗಿದರಲ್ಲ, ಆ ಹೊತ್ತು ಅವಳಿಗೆ ಅಳು ಬಂದುಬಿಟ್ಟಿತ್ತು, ಸಂತೋಷದ ಅಳು, ನಾಚಿಕೆಗೇಡು ಎಂದರೂ ಸರಿ. ಮೂವತ್ತೇಳು ವರ್ಷಕ್ಕೆ ಮೊದಲ ಸಲ ಬಸ್ಸಿನ ಒಳಗೆ ಕೂತ ಹಾಗಾಗಿತ್ತು.

ಅದೇ ಖುಷಿಯಲ್ಲೇ ಆದದ್ದು, ಒಂಬತ್ತನೇ ದಿನ, ಬೇಡವೆಂದರೂ ಮತ್ತೆ ಅಲ್ಲಿಗೇ ಹೋಗುತ್ತದೆ ಮನಸ್ಸು, ನೀರು ಇಳಿದಿತ್ತು, ಆಚೆ ದಡದ ಕೆಸರಿನಲ್ಲಿ ಬಳಚು ಚಿಪ್ಪುಮೀನು ಹೆಕ್ಕಿ ಬುಟ್ಟಿ ತುಂಬಿಸಿ, ಬಾವುಟ ಇಳಿಯುವುದರೊಳಗೆ ದೋಣಿಯಲ್ಲಿ ವಾಪಸ್ಸು ಬರಬೇಕು, ಗೆದ್ದರೆ ಅನ್ನ, ಮೀನುಸಾರು, ಸೋತರೆ ಗಂಜಿಯೂ ಇಲ್ಲ. ಎಂಟೂ ಬುಟ್ಟಿಯಲ್ಲಿ ಅರ್ಧ ತುಂಬಿಸಿದ್ದು ಸೋಮಿಯೇ, ಅರವತ್ತರ ಹತ್ತಿರದ ಹೆಂಗಸು, ಕೆಸರಿಗೆ ಕೈ ಹಾಕಿದರೆ ಮುಷ್ಟಿ ತುಂಬಿ ಬರುತ್ತಿತ್ತು, ನಿಮ್ಗೆ ಉಗ್ರು ಹಾಳಾತದೆ, ನೀವು ಹೋಗಿ ಕೂಕಳಿ ಎಂದು ಧನ್ಯಾಳನ್ನು ದೋಣಿಗೆ ಕಳಿಸಿದಳು. ಧನ್ಯಾ ಹೋಗಿ ಕೂತಳು, ಬುಟ್ಟಿ ಮರೆತಳು, ಅಯ್ಯೋ ನನ್ ಬುಟ್ಟಿ ಅಂದಳು, ಸೋಮಿ ತಿರುಗಿ ಹೋದಳು. ಕುಸುಮಾ ದೋಣಿಯ ಮೂತಿಯಲ್ಲಿ ನಿಂತಿದ್ದಳು, ಬಾವುಟ ನೋಡುತ್ತಿದ್ದಳು, ಎಲ್ಲರೂ ಬೇಗ ಬೇಗ ಎಂದು ಅರಚುತ್ತಿದ್ದರು, ಅವಳು ರೂಢಿಯಂತೆ ತಲೆ ಎಣಿಸಿದಳು — ಕಂಡಕ್ಟರು ತನ್ನನ್ನು ಎಣಿಸಿಕೊಳ್ಳುವುದಿಲ್ಲ, ಎಂದೂ ಇಲ್ಲ, ಎಂಟು ಜನರ ತಂಡ ಎಂದರೆ ಅವಳ ಲೆಕ್ಕಕ್ಕೆ ಸಿಗಬೇಕಾದದ್ದು ಏಳು, ಆ ಏಳು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಆದರೆ ಅಂದು ಅವಳು ಕಂಡಕ್ಟರಾಗಿರಲಿಲ್ಲ, ನಮ್ಮೋರಾಗಿದ್ದಳು, ಬೆರಳು ಮೊದಲು ತನ್ನ ಎದೆಯನ್ನೇ ಮುಟ್ಟಿತು, ಒಂದು, ಆಮೇಲೆ ಗುರುದತ್ತ ಎರಡು, ಧನ್ಯಾ ಮೂರು, ನಾಲ್ಕು, ಐದು, ಆರು, ಏಳು, ಆತು, ಏಳು ಸಿಕ್ಕಿತು, ರೈಟ್! ಎಂದುಬಿಟ್ಟಳು. ಬಾಯಿಗೆ ಬಂದ ಮಾತು, ದಿನಕ್ಕೆ ಇನ್ನೂರು ಸಲ ಬರುವ ಮಾತು. ತಂಡದವರು ಹೇಳದೆ ದೋಣಿ ಬಿಡಬಾರದು, ಹೇಳಿದರೆ ನಿಲ್ಲಬಾರದು ಎಂದು ದೋಣಿಯ ಸುಬ್ಬನಿಗೆ ಕಟ್ಟಪ್ಪಣೆಯಾಗಿತ್ತು, ಅವನು ಎಂಜಿನ್ ಎಳೆದ, ನಡುಹೊಳೆಗೆ ಬಂದ ಮೇಲೆ ಯಾರೋ ತಿರುಗಿ ನೋಡಿದರು. ಸೋಮಿ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದಳು, ತಲೆಯ ಮೇಲೆ ಧನ್ಯಾಳ ಬುಟ್ಟಿ, ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಮೇಲಕ್ಕೆತ್ತಿದ್ದಳು, ಬೀಸುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಅಂಗೈ ಬಿಚ್ಚಿ ಸುಮ್ಮನೆ ಎತ್ತಿ ಹಿಡಿದಿದ್ದಳು.

ತಿರುಗಿ ಹೋಗಿ ಕರೆದುಕೊಂಡು ಬರುವಷ್ಟರಲ್ಲಿ ಬಾವುಟ ಇಳಿದಿತ್ತು. ಬೋಟು ಬಿಡಿಸಿದ್ದು ಯಾರು ಎಂದು ಆ ಗದ್ದಲದಲ್ಲಿ ಯಾರಿಗೂ ತಿಳಿದಿರಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ — ಕೇಳಿದ್ದರೆ ಹೇಳುತ್ತಿದ್ದಳು, ಖಂಡಿತ ಹೇಳುತ್ತಿದ್ದಳು, ಸುಳ್ಳು, ಹೇಳುತ್ತಿರಲಿಲ್ಲ. ಮುದುಕಿ ನಿಧಾನ, ಇವ್ರಿಂದಾಗೇ ಹೋಯ್ತು ಎಂದು ಗುರುದತ್ತ ಅಂದ, ಹಸಿದ ಹೊಟ್ಟೆಗೆ ಆ ಮಾತು ಅನ್ನದ ಹಾಗೆ ಸಿಕ್ಕಿತು, ಎಲ್ಲರೂ ಅದನ್ನೇ ಉಂಡರು, ಕುಸುಮಾಳೂ ಉಂಡಳು. ಬುಟ್ಟಿ ಮರೆತ ಧನ್ಯಾ ಎಲ್ಲರಿಗಿಂತ ಜೋರಾಗಿ ಅತ್ತಳು, ಆ ಮೇಲೆ ಮರದ ಬುಡದಲ್ಲಿ ಗುಸುಗುಸು ಶುರುವಾಯಿತು, ಸೋಮಿ ಹತ್ತಿರ ಬಂದರೆ ಗುಸುಗುಸು ನಿಲ್ಲುತ್ತಿತ್ತು, ಅವಳ ಎಲೆಯಡಿಕೆ ಚೀಲ ಒಂದು ಬೆಳಿಗ್ಗೆ ಮರಳಿನಲ್ಲಿ ಹೂತಿತ್ತು, ತಮಾಷೆಗೆ, ಎಲ್ಲ ತಮಾಷೆಗೇ, ಮಲಗುವ ಚಾಪೆಗಳು ದಿನಕ್ಕೊಂದು ಗೇಣಿನಂತೆ ಸೋಮಿಯ ಚಾಪೆಯಿಂದ ದೂರ ಸರಿದವು, ಯಾರೂ ಯಾರಿಗೂ ಹೇಳಿದ್ದಲ್ಲ, ಕುಸುಮಾಳ ಚಾಪೆಯೂ ಸರಿಯಿತು, ಸರಿಸಿದ್ದು ಯಾವ ಕೈ, ಈ ಸ್ಲೇಟು ಹಿಡಿದ ಕೈಯೇ. ಆರು ನಲವತ್ತರ ಗಾಡಿಗೆ ಹಳದಿಪುರದಲ್ಲಿ ಮೊದಲು ಹರಿವೆ ಬಸಳೆಯ ಬುಟ್ಟಿ ಹತ್ತುತ್ತಿತ್ತು, ಆಮೇಲೆ ಕೊರಳ ತುಂಬ ಮಣಿಸರ, ಆಮೇಲೆ ಸೋಮಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು ತೋರಿಸಿ, ನಿನ್ ಗಾಡಿ ಆದ್ರೆ ಹೆದ್ರಿಕಿಲ್ಲ ತಂಗೀ, ನಾ ಕೂತ ಮೇಲೇ ನೀ ಬಿಡೂದು ಎನ್ನುತ್ತಿದ್ದಳು. ಕುಮಟೆಯ ಪೇಟೆಗೆ ಎಲ್ಲರಿಗಿಂತ ಮೊದಲು ಮುಟ್ಟುವವಳು ಅವಳು, ನಲವತ್ತು ವರ್ಷದಲ್ಲಿ ಅವಳನ್ನು ನಿಧಾನ ಎಂದವರಿಲ್ಲ, ಇನ್ನು ಭಾನುವಾರ ಇಡೀ ಜಿಲ್ಲೆ ನೋಡುತ್ತದೆ, ನಿಧಾನದ ಮುದುಕಿ, ಟೀಮನ್ನು ಮುಳುಗಿಸಿದವಳು, ಪೇಟೆಯಲ್ಲಿ ಕೂತಲ್ಲಿಗೇ ಬಂದು ಹೇಳುತ್ತಾರೆ, ಕುಸುಮಾಳ ಬಸ್ಸಿನಲ್ಲೇ ಹೇಳುತ್ತಾರೆ. ಮತ್ತೆ ಈ ಹಾಳು ಮೈಕು, ಸೊಂಟದಲ್ಲೇ ಇತ್ತಲ್ಲ ಅಂದು, ರೈಟ್ ಎಂದದ್ದು ಅದರ ಹೊಟ್ಟೆಯೊಳಗೆ ಇರಲೇಬೇಕು, ಇವರಿಗೆ ಗೊತ್ತಿರಬೇಕು, ಗೊತ್ತಿದ್ದೂ ಸುಮ್ಮನಿದ್ದಾರೆಯೇ, ತನ್ನ ಹಾಗೇ?

ಬಟ್ಟೆ ಬಂತು. ಒರೆಸಿದಳು, ಸೋ ಹೋಯಿತು, ಮಿ ಹೋಯಿತು, ಬಿಳಿ ಮಸುಕು ಉಳಿಯಿತು, ಮತ್ತೊಮ್ಮೆ ಒರೆಸಿದಳು, ಹೋಗಲಿಲ್ಲ. ಸೋಮಿಯ ಮುಂದೆ ಸ್ಲೇಟಿಲ್ಲ, ಅವಳಿಗೆ ಅಕ್ಷರ ಬಾರದು, ಬಾಯಲ್ಲೇ ಹೇಳಿ ಎಂದಿದ್ದರು, ಮೊದಲ ಸಲ ಕೇಳಿದಾಗ ಯಾರ್ ಹೆಸ್ರೂ ಬ್ಯಾಡ ಎಂದಳು, ಒಂದು ಹೆಸರು ಹೇಳಲೇಬೇಕು ಅಜ್ಜಿ, ರೂಲ್ಸು ಎಂದಾಗ ಒಂದು ಕ್ಷಣ ಸಾಲನ್ನೆಲ್ಲ ನೋಡಿ, ಹಂಗಾರೆ ನಂದೇ ಬರ್ಕಳಿ ಎಂದಳು. ಎಂಟಕ್ಕೆ ಎಂಟು. ಗುರುದತ್ತ ಸಮಾಧಾನದಿಂದ ಉಸಿರು ಬಿಟ್ಟದ್ದು ಕುಸುಮಾಳಿಗೆ ಕೇಳಿಸಿತ್ತು, ತನ್ನ ಉಸಿರೂ ಅದರೊಟ್ಟಿಗೇ ಹೋಗಿತ್ತು. ದಡದಲ್ಲಿ ಸುಬ್ಬ ದೋಣಿ ತಂದು ನಿಲ್ಲಿಸಿದ್ದಾನೆ, ಸೋಮಿಯನ್ನು ಒಯ್ಯಲು, ಗೇರುಸೊಪ್ಪೆ ಡ್ಯಾಮಿನಲ್ಲಿ ನೀರು ಬಿಟ್ಟರೋ ಏನೋ, ಹೊಳೆ ಏರುತ್ತಿದೆ, ಮೊಣಕಾಲು, ತೊಡೆ, ಸೊಂಟ, ನೀರಿನ ಆಚೆ ಆ ಕೈ, ಹಗಲೂ ಎತ್ತಿದ್ದೇ, ಕಣ್ಣು ಮುಚ್ಚಿದರೂ ಎತ್ತಿದ್ದೇ, ಇಳಿಸೇ ಸೋಮಕ್ಕ, ನೋಯುವುದಿಲ್ಲವೇನೇ ನಿನಗೆ. ಬೆಳಕು ಹೋಗ್ತಿದೆ, ಬೇಗ ಎಂದು ಡೈರೆಕ್ಟರು ಕೂಗಿದ. ಆಕ್ಷನ್. ಗುರುದತ್ತ ಸ್ಲೇಟು ತಿರುಗಿಸಿದ, ಸೋಮಿ, ಟೀಮಿಗೆ ಕೋಆಪರೇಷನ್ ಇಲ್ಲ, ಧನ್ಯಾ ತಿರುಗಿಸಿದಳು, ಕಣ್ಣೀರು ಮೊದಲಿನ ಜಾಗದಲ್ಲೇ ಬಂತು, ಮೊದಲ ಸಲಕ್ಕಿಂತ ಚೆನ್ನಾಗಿ ಬಂತು, ಮೂರು, ನಾಲ್ಕು, ಐದು, ಆರು, ಎಲ್ಲರದ್ದೂ ಸೋಮಿ. ಕುಸುಮಾಳ ಸೀಮೆಸುಣ್ಣ ಸ್ಲೇಟಿಗೆ ತಾಗಿ ನಿಂತಿದೆ, ಬರೆ, ಎರಡೇ ಅಕ್ಷರ, ಬರೆದರೆ ರಾತ್ರಿಗೆ ಅನ್ನವುಂಟು, ಹೆಗಲ ಮೇಲೆ ಗುರುದತ್ತನ ಕೈಯುಂಟು, ಬರೆಯದಿದ್ದರೆ ಮತ್ತೆ ಅರವತ್ತು ಜನರ ಎದುರಿಗೆ ಒಬ್ಬಳೇ, ಮೇಡಂ ನಿಮ್ದು, ನಿಮ್ದು, ಎಂದು ಯಾರೋ ಪಿಸುಗುಟ್ಟಿದರು.

ಬೋಟು ಬಿಡ್ಸಿದ್ದು ನಾನು, ಎಂದಳು. ಸ್ಲೇಟು ಖಾಲಿಯಾಗಿತ್ತು. ರೈಟ್ ಅಂದದ್ದು ನಾನು, ಲೆಕ್ಕ ತಪ್ಪಿದ್ದು ನಂದು, ಸೋಮಕ್ಕ ನಿಧಾನ ಅಲ್ಲ, ಅದು ಬುಟ್ಟಿ ತರೂಕೆ ಹೋಗಿತ್ತು, ನಾ ಬಿಟ್ಟು ಬಂದೆ. ಹೇಳಿಯಾಯಿತು, ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಮೊದಲು ಗುರುದತ್ತ, ನಂಗೆ ಆಗ್ಲೇ ಡೌಟಿತ್ತು, ಇವ್ರಿಗೆ ಮೊದ್ಲಿಂದ್ಲೂ ಕೋಆಪರೇಷನ್ ಇಲ್ಲ ಎಂದ, ಹೌದು ಹೌದು ಎಂದವು ನಾಲ್ಕು ಬಾಯಿ, ಧನ್ಯಾ ಅವಳ ಕಡೆಯಿಂದ ಅರ್ಧ ಹೆಜ್ಜೆ ಸರಿದಳು, ಉಳಿದವರೂ ಅರ್ಧರ್ಧ ಹೆಜ್ಜೆ, ಎಷ್ಟು ಬೇಗ, ಬಸ್ಸಿನಲ್ಲಿ ಇಷ್ಟು ಸಲೀಸಾಗಿ ಯಾರೂ ಸರಿದವರಿಲ್ಲ. ಸೂಪರ್ ಸೂಪರ್, ಯಾರೂ ಕಟ್ ಮಾಡ್ಬೇಡಿ ಎಂದು ಡೈರೆಕ್ಟರು ಕುಣಿಯುವುದೊಂದು ಬಾಕಿ. ಅವಳು ಯಾರನ್ನೂ ನೋಡಲಿಲ್ಲ, ಸೋಮಿಯ ಕಡೆಗೆ ತಿರುಗಿದಳು, ಬೈಯಲಿ, ನಾಲ್ಕು ಬಡಿಯಲಿ, ಆಗದಿದ್ದರೆ ತಬ್ಬಿಕೊಳ್ಳಲಿ. ಸೋಮಿ ಮಣಿಸರ ಸರಿಮಾಡಿಕೊಳ್ಳುತ್ತಿದ್ದಳು. ನಂಗೊತ್ತಿತ್ತು ತಂಗೀ, ಎಂದಳು, ಮೈಕಿಗೆ ಕೇಳಬಾರದೆಂಬಂತೆ ಮೆಲ್ಲಗೆ, ದಿನಾ ಕೇಳೂ ದನಿ ಅಲ್ದಾ, ಆ ದಡದಲ್ಲೇ ಗುರ್ತ ಸಿಕ್ತು, ಈಗ ಹೇಳ್ತದೆ, ಇನ್ನೊಂಚೂರಿಗೆ ಹೇಳ್ತದೆ ಅಂತ ಮೂರು ದಿನ ಕಾದೆ, ಮೊದ್ಲು ಬರ್ದಾಗ್ಲೂ ನಿನ್ನೇ ನೋಡ್ತಿದ್ದೆ. ನೀ ಕೈ ಎತ್ತಿದ್ದು ಸುಬ್ಬಂಗೆ ಕಾಣ್ಲೇ ಇಲ್ಲ ಸೋಮಕ್ಕ, ಎಂದಳು ಕುಸುಮಾ. ಸುಬ್ಬಂಗೆ ಯಾರ್ ಎತ್ತಿದ್ರು, ಎಂದಳು ಸೋಮಿ, ನಾ ಎತ್ತಿದ್ದು ನಿಂಗೆ. ಅಷ್ಟು ಹೇಳಿ, ನಡೀರಿ, ಎಲ್ಲಿ ದೋಣಿ ಎಂದು ದಡದ ಕಡೆ ನಡೆದಳು, ಏಳರಲ್ಲಿ ಆರು ಸ್ಲೇಟಿನ ಮೇಲೆ ಅವಳ ಹೆಸರುಂಟಲ್ಲ, ಹೊರಗೆ ಹಾಕಲು ಅಷ್ಟು ಸಾಕಂತೆ, ಲೆಕ್ಕ ಸರಿಯುಂಟಂತೆ. ಮೇಡಂ, ಅದ್ಭುತ, ಕ್ಲೋಸಪ್‌ನಲ್ಲಿ ಇನ್ನೊಂದ್ಸಲ, ಬೋಟು ಬಿಡಿಸಿದ್ದು ನಾನು ಅನ್ನೋದ್ರಿಂದ, ಅಜ್ಜಿ ಇಲ್ಲದಿದ್ರೂ ನಡೀತದೆ, ಸ್ವಲ್ಪ ಜೋರಾಗಿ, ಎಂದು ಡೈರೆಕ್ಟರು ಹೇಳುತ್ತಿದ್ದಾನೆ, ಕ್ಯಾಮರಾ ಮೂಗಿನ ಹತ್ತಿರ ಬಂತು, ಅದರ ಗಾಜಿನಲ್ಲಿ ಪುಟ್ಟ ಕುಸುಮಾ, ಆಕ್ಷನ್, ಬಾಯಿ ತೆರೆದಳು, ಭಟ್ಕಳ, ಶಿರಾಲಿ, ಮುರ್ಡೇಶ್ವರ, ಮಂಕಿ — ಮಂಕಿ — ಮುಂದಿನದು ಬರುತ್ತಿಲ್ಲ, ಹೇಳಿ ಮೇಡಂ, ಹೇಳಿ, ಕಣ್ಣ ಮುಂದೆ ಸೊಂಟದವರೆಗೆ ನೀರು, ತಲೆಯ ಮೇಲೆ ಬುಟ್ಟಿ, ಬಿಚ್ಚಿದ ಅಂಗೈ, ತನಗೇ ಎತ್ತಿದ ಕೈ, ಆ ಕೈ, ಇನ್ನೂ ಇಳಿಯದ ಆ ಕೈ