ಎಕೋ ಕೋಣೆಗೆ ಮುಯ್ಯಾಳು

“ಯಾವಳೇ ಇದನ್ನ ಬರೆದಿದ್ದು? ನಿಮ್ಮ ಕಾಲೋನಿ ಡಾಕ್ಟ್ರಮ್ಮ ಬರೆದ ಚೀಟೀನ ನಮ್ಮ ಸಾಹೇಬ್ರು ಕಣ್ಣಿಗೆ ಒತ್ಕಬೇಕಾ?”

ಪೇಟೆಯ ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ರಘುನಾಥ ಚೀಟಿಯನ್ನು ನನ್ನ ಕಡೆಗೆ ಎಸೆದ. ಅತ್ತೆ ಅಂತರಘಟ್ಟಮ್ಮ ಗೋಡೆ ಹಿಡಿದು ನಿಂತಿದ್ದಳು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಾಳೆ. ನಮ್ಮೂರಿನ ಡಾಕ್ಟ್ರು ಸಂಘಮಿತ್ರಾ ಅವಳ ಎದೆ ಪರೀಕ್ಷೆ ಮಾಡಿ, “ಅವ್ವಾ, ಒಳಗಿನ ಕವಾಟ ಕೆಟ್ಟಂಗೈತೆ. ಎಕೋ ಮಿಷಿನ್ನಾಗೆ ಎದೆ ಚಿತ್ರ ತೆಗೆದು ನೋಡದೆ ನಾನು ಔಷಧ ಕೊಡಾಕಾಗಲ್ಲ. ತಡ ಮಾಡಬ್ಯಾಡ” ಅಂದು ಆ ಚೀಟಿ ಬರೆದುಕೊಟ್ಟಿದ್ದರು.

“ಎಕೋ ಬೇಕಂದ್ರೆ ಹಾರ್ಟ್ ಡಾಕ್ಟ್ರು ಮಹೇಶ್ವರಪ್ನೋರೇ ಬರೀಬೇಕು. ಅವರ್ನ ನೋಡಾಕೆ ದೀಪಾವಳಿ ಕಳೆದ ಮ್ಯಾಲೆ ಬರ್ರಿ” ಅಂದ ರಘುನಾಥ.

“ಮಿಷಿನ್ನು ಖಾಲಿ ಐತಲ್ಲಣ್ಣ, ಇಲ್ಲಿಗೇ ಕಾಣ್ತೈತೆ.”

“ಖಾಲಿ ಐತೆ ಅಂತ ದನ ಕಟ್ಟಾಕಾಗ್ತೈತಾ? ನಡಿ ಆಚೆ.”

ಇವನ ಬಾಯಿಗೆ ಮಣ್ಣು ಹಾಕ! ಆದರೆ ಜಗಳ ಆಡುವ ತ್ರಾಣ ನನಗಿರಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬಂದೆವು.

ಮರುದಿನ ಅಡಿಕೆ ಸುಲಿಯುವ ಶೆಡ್ಡು. ಬೇಡವೆಂದರೂ ಕೇಳದೆ ಅತ್ತೆ ಕತ್ತಿಯ ಮುಂದೆ ಕೂತಳು. ನಾಲ್ಕು ಕಾಯಿ ಸುಲಿಯುವುದರೊಳಗೆ ಏದುಸಿರು ಬಂತು. ತೋಟದ ಫಸಲನ್ನು ಗುತ್ತಿಗೆ ಹಿಡಿದಿದ್ದ ಬೆನಕಪ್ಪ ಬಂದು ನಿಂತ.

“ಏನೇ ಮುದುಕಿ, ಪ್ಯಾಟೆ ಸುತ್ತಾಕೆ ಹೋಗಿದ್ಯಂತೆ? ನೀವೆಲ್ಲ ಎಕೋ ಗಿಕೋ ಅಂತ ಹೊಂಟ್ರೆ ನನ್ನ ಅಡಿಕೆನ ನಿಮ್ಮಪ್ಪ ಸುಲೀತಾನಾ?”

ಎಲ್ಲರೂ ತಲೆ ತಗ್ಗಿಸಿದೆವು. ನಾನೂ ತಗ್ಗಿಸಿದೆ. ಪಕ್ಕದಲ್ಲಿದ್ದ ಅಂಬಿಕಾ ಮಾತ್ರ ಕೈ ಒರೆಸಿಕೊಂಡು ಎದ್ದಳು.

“ದೊಡ್ಡವ್ವಾ, ನಾಳೆ ನಿನ್ನ ಕೆಲಸಕ್ಕೆ ನಾವೆಲ್ಲ ಮುಯ್ಯಾಳು.”

ನಮ್ಮ ಕೇರಿಯಲ್ಲಿ ಮುಯ್ಯಾಳಿಗೆ ಕೂಲಿ ಇಲ್ಲ. ನನ್ನ ಕೆಲಸಕ್ಕೆ ನೀನು ಬಂದಿದ್ದರೆ ನಿನ್ನ ಕೆಲಸಕ್ಕೆ ನಾನು ಬರಲೇಬೇಕು, ಅಷ್ಟೆ. ಅಂಬಿಕಾ ಬಾಣಂತಿಯಾಗಿದ್ದಾಗ ಅವಳ ಕತ್ತಿಯ ಮುಂದೆ ಕೂತು ಸುಲಿದವಳು ಅತ್ತೆ. ಅಲ್ಲಿದ್ದವರಲ್ಲಿ ಅತ್ತೆ ದುಡಿದು ಕೊಡದ ಹೆಂಗಸೇ ಇರಲಿಲ್ಲ.

“ನಂದೆಲ್ಲಿ ಹೊಲ ಐತೆ, ಮುಯ್ಯಾಳು ಬರಾಕೆ?” ಅತ್ತೆ ನಗಲು ಹೋಗಿ ಕೆಮ್ಮಿದಳು.

“ಹೊಲ ಯಾಕೆ? ಆಸ್ಪತ್ರೆ ಬಾಗಿಲಾಗೆ ಕುಂದ್ರೋದೇ ಕೆಲಸ.”

“ನಾಳೆ ತಪ್ಪಿಸಿದೋಳು ಇನ್ಯಾವತ್ತೂ ಇತ್ತ ಮುಖ ಹಾಕಬಾರ್ದು, ಹೇಳೀನಿ!” ಬೆನಕಪ್ಪ ಕೂಗಿದ. ನಾನು ಮತ್ತೆ ಕಾಯಿ ಸುಲಿಯತೊಡಗಿದೆ, ಸುಳ್ಳು ಯಾಕೆ ಹೇಳಲಿ. ಆದರೂ ಬೆಳಿಗ್ಗೆ ನೋಡಿದರೆ ಆಸ್ಪತ್ರೆಗೆ ಹೊರಟ ಟೆಂಪೋ ತುಂಬಿತ್ತು.

ಎಕೋ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೂತೆವು. ಅಡಿಕೆಯ ಕರೆ ಹತ್ತಿದ ಕಪ್ಪು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆವು. ರಘುನಾಥ ಅರಚಿದ, ಸೆಕ್ಯುರಿಟಿಯವನನ್ನು ಕರೆಸಿದ. ಯಾರೂ ಏಳಲಿಲ್ಲ. ದಣಿದ ಮೈ, ಕೂತರೆ ಏಳುವುದೇ ಕಷ್ಟ. ಕೊನೆಗೆ ಮಹೇಶ್ವರಪ್ಪನವರೇ ಬಂದರು.

“ಏನಿದು ಗಲಾಟೆ? ಹಳ್ಳಿ ಹಳ್ಳಿ ಡಾಕ್ಟರೆಲ್ಲ ಎಕೋ ಬರೆದರೆ ನಾನ್ಯಾಕೆ ಇರೋದು ಇಲ್ಲಿ?”

“ಅದನ್ನೇ ಕೇಳಾಕೆ ಬಂದೀವ್ರಿ ಸ್ವಾಮಿ” ಅಂದಳು ಅಂಬಿಕಾ.

ಅವರ ಮುಖ ಕೆಂಪಾಯಿತು. ಆ ಮಾತಿನ ನಡುವೆಯೇ ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಮಿಷಿನ್ನಿನ ಹುಡುಗಿ ಶಾಂತಲಾ ಗಾಬರಿಯಿಂದ ಎದ್ದು ನಿಂತಳು. ಅತ್ತೆ ಮಂಚ ಹತ್ತಿ, ಕುಪ್ಪಸದ ಗುಂಡಿಯನ್ನು ತಾನೇ ಬಿಚ್ಚಿ, ಮಲಗಿಬಿಟ್ಟಳು.

“ಇಳಿಯೇ ಮುದುಕಿ ಕೆಳಗೆ!” ರಘುನಾಥ ನುಗ್ಗಿದ. ನಾನು ಅಡ್ಡ ನಿಂತೆ.

“ಎಕೋ ಮಾಡಾಕೆ ನಮ್ಮ ಡಾಕ್ಟ್ರ ಚೀಟಿ ನಡಿಯಲ್ಲ ಅಂದ್ರಿ,” ಅತ್ತೆ ಒಂದೊಂದು ಮಾತಿಗೂ ಉಸಿರೆಳೆಯುತ್ತ ಕೇಳಿದಳು, “ಇಲ್ಲೇ ಸಾಯಾಕೆ ಯಾರ ಚೀಟಿ ತರಬೇಕು? ಅದನ್ನಾರ ಹೇಳ್ರಿ.”

ಶಾಂತಲಾ ಸ್ವಿಚ್ಚಿನ ಮೇಲೆ ಕೈಯಿಟ್ಟು ಮಹೇಶ್ವರಪ್ಪನವರ ಮುಖ ನೋಡುತ್ತಿದ್ದಳು. ಅತ್ತೆಯ ತುಟಿ ನೀಲಿಯಾಗತೊಡಗಿತ್ತು. ಅವರು ಇನ್ನೂ ಹೂಂ ಅಂದಿರಲಿಲ್ಲ.