ಒಬ್ಬ ಇದ್ದ

ಟಣ್ ಎಂದು ಒಂದೇ ಒಂದು ಸದ್ದು. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು, ಹೆಂಚಿನಿಂದ ಹನಿ ಉದುರುವುದೂ ನಿಂತಿತ್ತು. ಆ ನಿಶ್ಶಬ್ದದಲ್ಲಿ ಯಾರೋ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗೆ ಕೇಳಿಸಿತು. ನಾನು ಎದ್ದು ಕುಳಿತೆ.

“ರೀ, ಅದೆಂತದು?”

ನಂದನ್ ಮಗ್ಗುಲು ಬದಲಿಸಿದರು. “ಪೆಟ್ರೋಲ್ ಡ್ರಮ್ಮು. ಹಗಲು ಬಿಸಿಗೆ ಉಬ್ಬಿರತ್ತೆ, ರಾತ್ರಿ ತಣ್ಣಗಾದ್ರೆ ಕುಗ್ಗತ್ತೆ. ನೀನು ಮಲ್ಕೊ.”

ಮಲಗಿದೆ. ಸದ್ದಿಗೊಂದು ಕಾರಣ ಸಿಕ್ಕರೆ ನನಗೆ ನಿದ್ದೆ ಬರುತ್ತದೆ.

ಆ ಡ್ರಮ್ಮಿನಲ್ಲಿದ್ದದ್ದು ವಿಮಾನದ ಪೆಟ್ರೋಲು. ನಮ್ಮ ತೋಟದ ಕೆಳಗೆ, ಜಾವಳಿ ಕಡೆಯ ಗದ್ದೆಬಯಲು ಶುರುವಾಗುವ ಮೊದಲು ಒಂದು ಹುಲ್ಲಿನ ಬಾಣೆ ಇದೆ. ನಂದನ್ ಅದನ್ನು ಮಟ್ಟ ಮಾಡಿಸಿ ತಮ್ಮ ಮೈಕ್ರೋಲೈಟ್ ಇಳಿಸುವುದಕ್ಕೆ ಒಂದು ರನ್‌ವೇ ಮಾಡಿಕೊಂಡಿದ್ದರು. ಇಬ್ಬರು ಕೂರುವಷ್ಟು ಸಣ್ಣ ವಿಮಾನ, ಕಾರಿಗೆ ಹಾಕುವ ಪೆಟ್ರೋಲಿನಲ್ಲೇ ಹಾರುತ್ತಿತ್ತು. ಅದು ಮೇಲಿದ್ದಷ್ಟು ಹೊತ್ತೂ ನಾನು ಕಾಫಿ ಒಣಗಿಸುವ ಕಣದಲ್ಲಿ ನಿಂತಿರುತ್ತಿದ್ದೆ. ಕಣ್ಣು ತೆಗೆದರೆ ಬಿದ್ದೀತು ಎಂಬ ಹೆದರಿಕೆ. ಬಿ.ಎಸ್ಸಿ. ಓದಿದವಳು ಹೀಗೆ ನಂಬಬಾರದು ಎಂದು ಗೊತ್ತಿತ್ತು. ಆದರೂ ನಿಲ್ಲುತ್ತಿದ್ದೆ.

ಅದು ತೊಂಬತ್ತೇಳರ ಮಾರ್ಚ್. ಎಲ್ಲರೂ ಕಾಫಿಗಿಡ ಹೂ ಬಿಡಿಸುವ ಹೂಮಳೆಗೆ ಕಾಯುತ್ತಿದ್ದೆವು. ಆ ಸದ್ದು ಕೇಳಿದ ದಿನ ಸಂಜೆ ಗುಡುಗು ಶುರುವಾದಾಗ ಪ್ರಕಾಶ ಸಂಸೆಯಿಂದ ಜೀಪಿನಲ್ಲಿ ಬಂದಿಳಿದಿದ್ದ. ಪೂರ್ತಿ ಹೆಸರು ಜಯಪ್ರಕಾಶ್. ನಂದನ್ ಜೊತೆ ಹಾರುವುದು ಕಲಿತವನು, ಅವರಿಗೆ ತಮ್ಮನ ಹಾಗೆ. ಮೈಸೂರು ಕಡೆ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಗುವುದರಲ್ಲಿತ್ತು. ಅದಕ್ಕೆ ಇನ್ನಷ್ಟು ಗಂಟೆ ಹಾರಾಟ ಬೇಕೆಂದು ನಮ್ಮಲ್ಲಿಗೆ ಬರುತ್ತಿದ್ದ. ಜೀಪಿಗೆ ಮೇಲುಹೊದಿಕೆ ಇರಲಿಲ್ಲ. ಮಳೆಯಲ್ಲಿ ನೆನೆಯಬಾರದೆಂದು ನಮ್ಮ ಮನೆ ಪಕ್ಕದ ಶೆಡ್ಡಿಗೆ ತಂದ. ಅಲ್ಲಿ ಎರಡು ದಿಮ್ಮಿಗಳ ಮೇಲೆ ಡ್ರಮ್ಮು ಅಡ್ಡ ಮಲಗಿತ್ತು. ಅರ್ಧ ಖಾಲಿಯಾಗಿದ್ದರಿಂದ ಒಬ್ಬನೇ ಉರುಳಿಸಿಕೊಂಡು ಹೊರಗೆ ತಂದು ಗೋಡೆಯ ಪಕ್ಕ ಎತ್ತಿ ನಿಲ್ಲಿಸಿದ. ಒಣಗಿದ ಬಟ್ಟೆ ಎತ್ತುತ್ತಿದ್ದ ನನ್ನನ್ನು ನೋಡಿ ನಕ್ಕ.

“ಮಲಗಿದ್ರೆ ಜಾಗ ಜಾಸ್ತಿ ಬೇಕು ಅತ್ತಿಗೆ. ನಿಂತ್ಕೊಂಡಿರ್ಲಿ, ಆಳುಗಳ ಹಿಂದೆ ನಿಂತೇ ಇರೋ ನಮ್ಮ ತೋಟದ ರೈಟ್ರ ಹಾಗೆ.”

ನಾನೂ ನಕ್ಕೆ. ನೋಡಿದ್ದು ನಾನೊಬ್ಬಳೇ. ಅದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹೂಮಳೆ ಬಿದ್ದ ಮಾರನೆಯ ದಿನ ನಮ್ಮ ಕಡೆ ಯಾರೂ ಬೇರೆ ಮಾತಾಡುವುದಿಲ್ಲ. “ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ಇಂಚಿನ ಮೇಲೆ ಹತ್ತು ಸೆಂಟ್ಸ್.” ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ನಂದನ್ ಪ್ರತಿ ಸಲ ಪೆಟ್ರೋಲನ್ನು ನೀರು, ಕಸ ತಡೆಯುವ ತೆಳು ಚರ್ಮದಲ್ಲಿ ಸೋಸಿ ಹಾಕುತ್ತಿದ್ದರು. ಅವತ್ತು ತಮ್ಮ ಹಾಗೇ ಹಾರುವ ಕಳಸದ ರಾಜೀವ್ ಜೊತೆ ಸೆಂಟ್ಸ್ ಲೆಕ್ಕದಲ್ಲಿ ಮುಳುಗಿದ್ದರು. ಮಳೆ ತೊಳೆದ ಆಕಾಶ ಕೈಬಿಟ್ಟು ಹೋದೀತು ಎಂಬ ಆತುರದಲ್ಲಿ ಪ್ರಕಾಶ ತಾನೇ ಪಂಪು ಹಾಕಿ, ಸೋಸದೆ ತುಂಬಿಸಿಕೊಂಡು ಹೊರಟ.

ನಾನು ಕಣದಲ್ಲಿದ್ದೆ. ವಿಮಾನ ಸಿಲ್ವರ್ ಮರಗಳ ತುದಿ ದಾಟಿತು. ಆಮೇಲೆ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತುಹೋಯಿತು. ಎದುರಿಗೆ ಕೊಯ್ಲಾದ ಗದ್ದೆಬಯಲು ಉದ್ದಕ್ಕೆ ಇತ್ತು. ಆದರೆ ವಿಮಾನ ಎಡಕ್ಕೆ ವಾಲಿ, ಬಂದ ದಾರಿಗೆ ತಿರುಗತೊಡಗಿತು. ಅರ್ಧ ತಿರುಗಿದಾಗ ಒಂದು ರೆಕ್ಕೆ ಕೆಳಗಾಯಿತು. ಮರಗಳ ಆಚೆ ಗದ್ದೆಯಂಚಿಗೆ ಅದು ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ. ಒಳಗೆ ನಂದನ್ ಫೋನಿನಲ್ಲಿ ನಗುತ್ತಿದ್ದದ್ದು ಮಾತ್ರ ಕೇಳಿಸುತ್ತಿತ್ತು. ಓಡಿಹೋಗಿ ಅವರ ಕೈಯಿಂದ ಫೋನು ಕಿತ್ತುಕೊಂಡೆ.

ಪ್ರಕಾಶ ಬದುಕಿದ. ತೊಡೆಯ ಮೂಳೆ ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಹಿಂದಿನ ದಿನ ಮಧ್ಯಾಹ್ನದಿಂದಾಚೆ ಅವನಿಗೆ ಏನೂ ನೆನಪಿರಲಿಲ್ಲ.

ಅವನನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದ ಸಂಜೆ ನಂದನ್ ಡ್ರಮ್ಮಿನ ತಳದಿಂದ ಒಂದು ಗಾಜಿನ ಸೀಸೆಗೆ ಪೆಟ್ರೋಲು ಎಳೆದು ಬೆಳಕಿಗೆ ಹಿಡಿದರು. ಕೆಳಗೆ ಎರಡು ಬೆರಳಿನಷ್ಟು ನೀರು ಬೇರೆಯಾಗಿ ನಿಂತಿತ್ತು. ನಿಂತ ಡ್ರಮ್ಮಿನ ತಲೆ ತಟ್ಟೆಯ ಹಾಗೆ, ಮಳೆ ಬಂದರೆ ನೀರು ನಿಲ್ಲುತ್ತದೆ. ಡ್ರಮ್ಮು ತಣ್ಣಗಾಗಿ ಕುಗ್ಗುವಾಗ ಬಿರಡೆಯ ಸಂದಿಯಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಅದನ್ನು ಮಲಗಿಸಿ ಇಡಬೇಕು.

“ಇದನ್ನ ನಿಲ್ಸಿದ್ಯಾರು?”

“ಪ್ರಕಾಶ. ಜೀಪು ನಿಲ್ಸಕ್ಕೆ.”

“ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ.”

ಅವರು ಸೀಸೆಯಲ್ಲಿದ್ದದ್ದನ್ನು ಚೆಲ್ಲಿ ಡ್ರಮ್ಮನ್ನು ಮತ್ತೆ ದಿಮ್ಮಿಯ ಮೇಲೆ ಮಲಗಿಸಿದರು. “ರಾತ್ರಿ ಸದ್ದು ಕೇಳಿ ಮಲ್ಕೊ ಅಂದೋನು ನಾನೇ,” ಎಂದರು. ಅದಾದ ಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ನಾನು ಎಷ್ಟೋ ಸಲ ಶುರುಮಾಡಿದೆ. ಅವರು ಎದ್ದು ಹೋಗುತ್ತಿದ್ದರು.

ಮೇ ತಿಂಗಳಲ್ಲಿ ಓಂಕಾರಮೂರ್ತಿಯವರು ಬರುತ್ತಾರೆಂದು ತಿಳಿಯಿತು. ಇವರಿಗೆಲ್ಲ ಹಾರುವುದು ಕಲಿಸಿದ ಗುರು, ಪ್ರಕಾಶನಿಗೆ ಕೆಲಸ ಕೊಡಬೇಕಾದ ಸ್ಕೂಲಿನ ಮುಖ್ಯಸ್ಥರೂ ಅವರೇ. ಪ್ರಕಾಶನನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು, ಆಮೇಲೆ ತೀರ್ಮಾನ ಎಂದಿದ್ದರಂತೆ.

ಅಪಘಾತದ ಬಗ್ಗೆ ಈ ಜನ ಮಾತಾಡುವ ರೀತಿಯೇ ಬೇರೆ. ಅಂಗೈಯನ್ನು ವಿಮಾನ ಮಾಡಿಕೊಂಡು ವಾಲಿಸುತ್ತಾರೆ, ಬೀಳಿಸುತ್ತಾರೆ, ನಡುನಡುವೆ ಕೋಡುಬಳೆ ಮುರಿಯುತ್ತಾರೆ. ಬೇರೆಯವರ ತಪ್ಪನ್ನು ಹೆಸರು ಹಿಡಿದು, ಮುಖಕ್ಕೇ ಹೇಳುತ್ತಾರೆ. ತಮ್ಮ ತಪ್ಪನ್ನು ಹೇಳುವಾಗ ಮಾತ್ರ ‘ಒಬ್ಬ ಇದ್ದ’ ಎಂದು ಶುರುಮಾಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಓಂಕಾರಮೂರ್ತಿಯವರು ಹೇಳಿದ್ದರು, “ಒಬ್ಬ ಇದ್ದ. ಮೋಡ ಕವೀತು ಅಂತ ಭದ್ರಾ ಹೊಳೆ ಹಿಡ್ಕೊಂಡು ಹೊರಟ. ನೋಡಿದ್ರೆ ಅದು ಭದ್ರಾ ಅಲ್ಲ, ಎದುರಿಗೆ ಗುಡ್ಡ.” ನಾನು ಕುತೂಹಲದಿಂದ ಯಾರು ಸಾರ್ ಅವರು ಎಂದು ಕೇಳಿಬಿಟ್ಟೆ. ರಾಜೀವ್ ತನ್ನ ಬೂಟು ನೋಡಿಕೊಂಡ. ಅವರೆಲ್ಲ ಹೋದ ಮೇಲೆ ನಂದನ್ ಹೇಳಿದರು, “ಯಾರು ಅಂತ ಕೇಳ್ಬಾರ್ದು. ಹೇಳ್ತಿರೋನೇ ಆ ಒಬ್ಬ. ಕೇಳಿದ್ರೆ ನಾಳೆಯಿಂದ ಯಾರೂ ಹೇಳಲ್ಲ. ಹೇಳ್ದಿದ್ರೆ ಇನ್ನೊಬ್ಬ ಅದೇ ಗುಡ್ಡಕ್ಕೆ ಹೋಗ್ತಾನೆ.”

ಓಂಕಾರಮೂರ್ತಿಯವರು ಬಂದ ದಿನ ಮಧ್ಯಾಹ್ನ ಕಡುಬು, ಕೋಳಿಸಾರು ಊಟವಾಗಿ ನಾಲ್ವರೂ ಜಗಲಿಯಲ್ಲಿ ಕುಳಿತರು. ಪ್ರಕಾಶನನ್ನು ರಾಜೀವ್ ತನ್ನ ಜೀಪಿನಲ್ಲಿ ಕರೆತಂದಿದ್ದ. ಊರುಗೋಲನ್ನು ಕುರ್ಚಿಗೆ ಒರಗಿಸಿಕೊಂಡು ಕುಳಿತಿದ್ದ ಪ್ರಕಾಶ ಊಟ ಸರಿಯಾಗಿ ಮಾಡಿರಲಿಲ್ಲ. ನಾನು ಕಾಫಿ ಹಿಡಿದು ಬಂದೆ.

“ಗದ್ದೆ ಉಳಕ್ಕೆ ಟ್ರ್ಯಾಕ್ಟರ್ ಸಾಲ್ದು ಅಂತ ವಿಮಾನ ಹೂಡಿದ್ಯಲ್ಲ ಮಾರಾಯ,” ಎಂದ ರಾಜೀವ್. “ಗದ್ದೆ ಯಜಮಾನ ಬಾಡಿಗೆ ಕೇಳ್ಲಿಲ್ವಾ?”

ಪ್ರಕಾಶ ನಗಲು ನೋಡಿದ.

ಓಂಕಾರಮೂರ್ತಿಯವರು ಅಂಗೈ ಚಾಚಿದರು. “ಇಂಜಿನ್ ನಿಂತ್ರೆ ಮೂಗಿನ ನೇರಕ್ಕೆ ಇಳಿ. ಹಿಂದೆ ತಿರುಗ್ಬೇಡ. ನಾನು ನಿಂಗೆ ಹೇಳಿಕೊಟ್ಟ ಮೊದಲನೇ ಪಾಠ ಅದು. ಎದುರಿಗೆ ಅಷ್ಟು ದೊಡ್ಡ ಗದ್ದೆ ಬಿಟ್ಟು ಯಾಕೆ ತಿರುಗ್ದೆ?”

“ಗೊತ್ತಿಲ್ಲ ಸಾರ್. ನೆನಪಿಲ್ಲ.”

“ತಿರುಗಿದ್ದು ಹೆದರಿಕೆ. ಅದನ್ನ ತಿದ್ದಬೋದು. ಆದ್ರೆ ಇಂಜಿನ್ ಸುಮ್ನೆ ನಿಲ್ಲಲ್ಲ. ಪೆಟ್ರೋಲ್ ತುಂಬ್ಸಿದ್ದು ಯಾರು?”

“ಅದೂ ನೆನಪಿಲ್ಲ. ದಿನಾ ಅದನ್ನೇ ಯೋಚನೆ ಮಾಡ್ತೀನಿ ಸಾರ್. ನಾನೇ ಏನೋ ಮಾಡಿರ್ತೀನಿ. ಎಂತದು ಅಂತ ಗೊತ್ತಾಗದೆ ನಂಗೆ ಮತ್ತೆ ಹತ್ತಕ್ಕೆ ಧೈರ್ಯ ಇಲ್ಲ.”

“ನೀನೇ ಮಾಡಿದ್ರೆ ನಿನ್ನ ಕೈಗೆ ಹುಡುಗರನ್ನ ಕೊಡೋದು ಹೆಂಗೆ ಹೇಳು,” ಎಂದರು ಓಂಕಾರಮೂರ್ತಿ. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಭಯವಾಯಿತು. ಅವರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಸೌಂದರ್ಯ ಅವ್ರೇ, ನೀವು ಯಾವಾಗ್ಲೂ ಎಲ್ಲಾ ನೋಡ್ತಿರ್ತೀರಿ. ಅವತ್ತು ಏನಾದ್ರೂ ಕಂಡಿದ್ರಾ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅಭ್ಯಾಸವಿಲ್ಲ. ನಿಜ ಹೇಳಿದರೆ ಪ್ರಕಾಶನ ಕೆಲಸ ಅಲ್ಲಿಗೇ ಮುಗಿಯುತ್ತದೆ. ಸುಮ್ಮನಿದ್ದರೆ ಇನ್ನೆಲ್ಲೋ ಇನ್ನೊಂದು ಡ್ರಮ್ಮನ್ನು ಅವನು ಹಾಗೇ ಎತ್ತಿ ನಿಲ್ಲಿಸುತ್ತಾನೆ. ಏನೋ ಹೇಳಬೇಕೆಂದು ಉಸಿರು ತೆಗೆದುಕೊಂಡೆ.

“ಒಬ್ಬ ಇದ್ದ,” ಎಂದರು ನಂದನ್.

ರಾಜೀವ್ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ಕುಳಿತ.

“ಅವನ ಮನೇಲಿ ಪೆಟ್ರೋಲ್ ಡ್ರಮ್ ಶೆಡ್ ಒಳಗೆ ಮಲಗಿರ್ತಿತ್ತು. ಒಂದಿನ ಮಳೆ ಬರೋ ಹಾಗಾಯ್ತು, ಜೀಪಿಗೆ ಜಾಗ ಬೇಕಿತ್ತು. ಡ್ರಮ್ಮನ್ನ ಹೊರಗೆ ತಂದು ನಿಲ್ಸಾಯ್ತು. ತಲೆ ಮೇಲೆ ನೀರು ನಿಂತಿತು. ರಾತ್ರಿ ತಣ್ಣಗಾಗಿ ಅಷ್ಟನ್ನೂ ಕುಡೀತು. ಸದ್ದು ಮಾಡ್ತು ಕೂಡ. ಕೇಳ್ದೋನು ಎದ್ದು ನೋಡ್ಲಿಲ್ಲ, ಮಲಗಿಬಿಟ್ಟ. ಬೆಳಿಗ್ಗೆ ಸೋಸ್ಬೇಕಿತ್ತು. ಫೋನಲ್ಲಿ ಮಳೆ ಲೆಕ್ಕ ಹಾಕ್ತಾ ಕೂತ.”

ಅಷ್ಟು ಹೇಳಿ ನಂದನ್ ಕೈ ಕಟ್ಟಿಕೊಂಡರು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಿಲ್ಲಿಸಿದ್ದು ಯಾರೆಂದು ಹೇಳಿರಲಿಲ್ಲ, ಅಷ್ಟೇ. ಹೇಳಬೇಕಾಗಿಯೂ ಇರಲಿಲ್ಲ. ಒಬ್ಬ ಇದ್ದ ಎಂದು ಶುರುಮಾಡಿದವನೇ ಆ ಒಬ್ಬ ಎಂದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪ್ರಕಾಶ ನಂದನ್ ಮುಖವನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ಊರುಗೋಲು ಜಾರಿ ನೆಲಕ್ಕೆ ಬಿತ್ತು. ಯಾರೂ ಬಗ್ಗಿ ಎತ್ತಲಿಲ್ಲ.

ಓಂಕಾರಮೂರ್ತಿಯವರು ಕೇಳಿದರು, “ಆ ಮನುಷ್ಯ ಈಗ ಡ್ರಮ್ ಹೆಂಗಿಡ್ತಾನೆ?”

“ಮಲಗ್ಸಿ. ಸೂರಿನ ಕೆಳಗೆ.”

“ಸರಿ.” ಅವರು ನನ್ನನ್ನು ಮತ್ತೆ ಕೇಳಲಿಲ್ಲ. ಪ್ರಕಾಶನ ಕಡೆ ತಿರುಗಿ, “ಕಾಲು ಗಟ್ಟಿಯಾದ ಮೇಲೆ ಬಾ. ತಿರುಗೋ ಚಾಳಿ ಮೊದ್ಲು ಬಿಡಿಸ್ತೀನಿ,” ಎಂದರು.

ಹೊರಡುವಾಗ ರಾಜೀವ್, ಇನ್ನು ಮುಂದೆ ತಾನು ಬಂದರೆ ಮೂಡಿಗೆರೆ ಬಂಕಿನಿಂದಲೇ ಕ್ಯಾನಿನಲ್ಲಿ ಪೆಟ್ರೋಲು ತರುತ್ತೇನೆ ಎಂದ. “ನಿಂಗ್ಯಾಕೆ ತೊಂದರೆ,” ಎಂದು ನಂದನ್ ಹೆಗಲು ತಟ್ಟಿದ. ಹತ್ತು ವರ್ಷ ನಮ್ಮ ಡ್ರಮ್ಮಿನಿಂದ ತುಂಬಿಸಿಕೊಂಡವನು. ನಂದನ್ “ಹಂಗೇ ಮಾಡು,” ಎಂದರು.

ಪ್ರಕಾಶ ಮೊದಲೇ ಹೋಗಿ ಜೀಪಿನಲ್ಲಿ ಕುಳಿತಿದ್ದ. ನಾನು ಅವನ ಹೆಂಡತಿ ಧನ್ಯಶ್ರೀಗೆಂದು ತುಂಬಿಟ್ಟ ಮಿಡಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಹತ್ತಿರ ಹೋದೆ.

“ನಿಮಗೂ ಗೊತ್ತಿತ್ತಾ ಅತ್ತಿಗೆ?”

“ಗೊತ್ತಿತ್ತು.”

“ಎರಡು ತಿಂಗಳು ನಾನು ಹಾಸಿಗೆ ಮೇಲೆ ನಂದೇ ತಪ್ಪು, ನಂದೇ ತಪ್ಪು ಅಂತ ಸತ್ತಿದೀನಿ. ನಂದಣ್ಣ ಪ್ರತಿ ವಾರ ಆಸ್ಪತ್ರೆಗೆ ಬಂದು ಪಕ್ಕದಲ್ಲೇ ಕೂತಿರ್ತಿದ್ರು. ಒಂದು ಮಾತು ಹೇಳ್ಬೋದಿತ್ತು.”

ನಾನು ಬಾಟಲಿ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. “ಈ ಸಲ ಬೇಡ,” ಎಂದ.

ಒಂದೇ ಒಂದು ವಾಕ್ಯ ಸಾಕಿತ್ತು. ಮಲಗಿದರೆ ಜಾಗ ಜಾಸ್ತಿ ಬೇಕು ಅತ್ತಿಗೆ ಎಂದು ನಕ್ಕವನು ಯಾರು ಎಂದು ಅವನಿಗೆ ನೆನಪು ಮಾಡಿದರೆ ಸಾಕು, ನನ್ನ ಗಂಡನ ಮೇಲಿನ ಆ ನೋಟ ತಿರುಗಿ ಅವನ ಮೇಲೇ ಬೀಳುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ನನ್ನ ತಲೆಯ ಮೇಲಿಂದ ಬಾಣೆಯ ಕಡೆ ನೋಡಿದ. ಅಲ್ಲಿ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ್ದ ಗಾಳಿಚೀಲ ಅರ್ಧ ಉಬ್ಬಿ ಪಡುವಣ ಗಾಳಿಗೆ ತಿರುಗುತ್ತಿತ್ತು. ಅವನು ಅದನ್ನೇ ನೋಡಿದ, ಕಣ್ಣು ಕಿರಿದು ಮಾಡಿ ಗುಡ್ಡದ ಮೇಲಿನ ಮೋಡ ನೋಡಿದ, ಮತ್ತೆ ಗಾಳಿಚೀಲ ನೋಡಿದ. ಮಧ್ಯಾಹ್ನ ಬಂದಾಗ ಆ ಕಡೆಗೆ ಮುಖವನ್ನೇ ತಿರುಗಿಸಿರಲಿಲ್ಲ. ಈಗ ಹಾರಲು ಹೊರಟವನ ಹಾಗೆ ನೋಡುತ್ತಿದ್ದ.

ನಾನು ಬಾಟಲಿಯನ್ನು ಸೆರಗಿನ ಕೆಳಗೆ ಹಿಡಿದುಕೊಂಡು ಹಿಂದೆ ಸರಿದೆ.

ಜೀಪು ಗೇಟು ದಾಟಿದ ಮೇಲೆ ನಂದನ್ ಬಂದು ಪಕ್ಕದಲ್ಲಿ ನಿಂತರು. “ಎಂತ ಅಂದ ಪ್ರಕಾಶ?”

“ಮಳೆ ಬರೋ ಹಾಗಿದೆ ಅಂದ.”

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಅವರು ಇನ್ನೇನೂ ಕೇಳದೆ ಶೆಡ್ಡಿನ ಕಡೆ ಹೋದರು. ನಾನು ಒಳಗೆ ಹೋಗಿ ಬಾಟಲಿಯನ್ನು ಕಪಾಟಿನ ಹಿಂದಿನ ಸಾಲಿಗೆ ತಳ್ಳಿದೆ. ಪ್ರಕಾಶನಿಗಾಗಲಿ, ಓಂಕಾರಮೂರ್ತಿಯವರಿಗಾಗಲಿ, ಮುಂದೆ ಎಂದಾದರೂ ಧನ್ಯಶ್ರೀ ಬಂದು ಎದುರಿಗೇ ಬೈದರೂ ಅವಳಿಗಾಗಲಿ, ಡ್ರಮ್ಮು ನಿಲ್ಲಿಸಿದ್ದನ್ನು ಕಂಡೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪ್ರಕಾಶ ಜೀಪಿನಲ್ಲಿ ಕುಳಿತು ಆಡಿದ ಮಾತನ್ನು ನಂದನ್‌ಗೂ ಹೇಳುವುದಿಲ್ಲ.